ಖೆಡಿವ್ ಇಸ್ಮಾಯಿಲ್ ಹಡಗಿನ ಕೊನೆಯ ಯಾನ

ಯುದ್ಧ ಬಂದಾಗ ಮನುಷ್ಯರಿಗೆ ಮಾತ್ರವಲ್ಲ, ಹಡಗುಗಳಿಗೂ ಕರೆ ಬರುತ್ತದೆ. ‘ಖೆಡಿವ್ ಇಸ್ಮಾಯಿಲ್’ 1922ರಲ್ಲಿ ಸ್ಕಾಟ್ಲೆಂಡಿನಲ್ಲಿ ನಿರ್ಮಾಣವಾದ ಹಡಗು. ಮೊದಲು ಚಿಲಿ ದೇಶದ ಪ್ರಯಾಣಿಕರನ್ನು ಹೊತ್ತು, 1935ರಲ್ಲಿ ಈಜಿಪ್ಟಿನ ಕಂಪನಿಯೊಂದರ ಪಾಲಾಯಿತು. 1940ರಲ್ಲಿ ಬ್ರಿಟಿಷ್ ಸರಕಾರ ಅದನ್ನು ವಶಕ್ಕೆ ತೆಗೆದುಕೊಂಡು, ಸೈನಿಕರನ್ನು ಸಾಗಿಸಲು ಹಚ್ಚಿತು.

1944ರ ಫೆಬ್ರವರಿಯಲ್ಲಿ ಅದು ಇನ್ನು ನಾಲ್ಕು ಹಡಗುಗಳೊಡನೆ ಮೊಂಬಾಸದಿಂದ ಕೊಲಂಬೋಗೆ ಹೊರಟಿತು. ಅದರಲ್ಲಿದ್ದವರು 1,500ಕ್ಕೂ ಹೆಚ್ಚು ಮಂದಿ. ಬಹುಪಾಲು ಪೂರ್ವ ಆಫ್ರಿಕದ ಫಿರಂಗಿದಳದವರು. ಜೊತೆಗೆ ನೌಕಾಪಡೆಯವರು, ಯುದ್ಧದ ದಾದಿಯರು. ಬೆಂಗಾವಲಿಗೆ ‘ಹಾಕಿನ್ಸ್’ ಎಂಬ ಕ್ರೂಸರ್, ‘ಪೆಟಾರ್ಡ್’ ಮತ್ತು ‘ಪ್ಯಾಲಡಿನ್’ ಎಂಬ ಎರಡು ವಿಧ್ವಂಸಕ ನೌಕೆಗಳು.

12ನೆಯ ತಾರೀಖು, ಶನಿವಾರ. ಮಾಲ್ಡೀವ್ಸ್ ದ್ವೀಪಗಳ ನಡುವಣ ಕಡಲದಾರಿ. ಊಟ ಮುಗಿಸಿದ ಹಲವರು ಸಂಗೀತ ಕೇಳಲು ಸೇರಿದ್ದರು. ಆಗ ಜಪಾನಿನ ‘ಐ-27’ ಜಲಾಂತರ್ಗಾಮಿ ಬಿಟ್ಟ ಎರಡು ಟಾರ್ಪೆಡೊಗಳು ಬಡಿದವು. ಮೂರು ನಿಮಿಷಗಳೊಳಗಾಗಿ ಹಡಗು ಕಾಣದಾಯಿತು. ದೋಣಿ ಇಳಿಸಲೂ ಬಿಡುವಿರಲಿಲ್ಲ.

ಉಳಿದ ಹಡಗುಗಳು ನಿಲ್ಲದೆ ಮುಂದೆ ಸಾಗಿದವು. ಅವುಗಳಲ್ಲೂ ಸಾವಿರಾರು ಜೀವಗಳಿದ್ದವು. ನಿಂತರೆ ಅವೂ ಗುರಿಯಾಗಬಹುದಿತ್ತು. ವಿಧ್ವಂಸಕ ನೌಕೆಗಳೆರಡು ಹಿಂದಿರುಗಿ ಬಂದವು. ಆದರೆ ಶತ್ರು ಅಡಗಿದ್ದುದು ಈಜುತ್ತಿದ್ದವರ ಕೆಳಗೇ! ನೀರಿನಾಳದಲ್ಲಿ ಸಿಡಿಯುವ ಗುಂಡು ಹಾಕಿದರೆ ಮೇಲಿದ್ದವರು ಸಾಯುತ್ತಾರೆ. ಹಾಕದಿದ್ದರೆ ಐ-27 ತಪ್ಪಿಸಿಕೊಂಡು ಮತ್ತಷ್ಟು ಹಡಗುಗಳನ್ನು ಮುಳುಗಿಸುತ್ತದೆ. ಪ್ಯಾಲಡಿನ್ ದೋಣಿ ಇಳಿಸಿ ಸಿಕ್ಕವರನ್ನು ಎತ್ತಿಕೊಳ್ಳುತ್ತಿತ್ತು. ಪೆಟಾರ್ಡ್ ಗುಂಡು ಹಾಕಿತು. ಸಹಾಯಕ್ಕೆ ಬಂತೆಂದು ನೋಡುತ್ತಿದ್ದವರಲ್ಲಿ ಕೆಲವರು ಆ ಸ್ಫೋಟದಲ್ಲಿಯೇ ಸತ್ತರು.

ಕೊನೆಗೆ ಜಲಾಂತರ್ಗಾಮಿ ಮೇಲೆದ್ದಿತು. ಅದನ್ನು ಢಿಕ್ಕಿ ಹೊಡೆಯಲು ಹೋದ ಪ್ಯಾಲಡಿನ್‌ನ ಪಕ್ಕವೇ ಸೀಳಿತು. ಬಹುಹೊತ್ತಿನ ಹೋರಾಟದ ಬಳಿಕ ಪೆಟಾರ್ಡ್‌ನ ಟಾರ್ಪೆಡೊ ಐ-27ನ್ನು ಮುಳುಗಿಸಿತು.

ಖೆಡಿವ್ ಇಸ್ಮಾಯಿಲ್‌ನಲ್ಲಿ ಸತ್ತವರು ಸುಮಾರು 1,300. ಬದುಕಿದವರು ಇನ್ನೂರಕ್ಕೆ ಸ್ವಲ್ಪ ಮೇಲೆ. ಅವರಲ್ಲಿ ಮಹಿಳೆಯರು ಆರೇ ಮಂದಿ.

ಪೆಟಾರ್ಡ್ ಮಾಡಿದ್ದು ಸರಿಯೇ, ತಪ್ಪೇ? ಮುಂದೆ ಸಾಗಿದ ನಾಲ್ಕು ಹಡಗುಗಳವರ ಉತ್ತರ ಒಂದು, ನೀರಿನಲ್ಲಿ ಕೈಯೆತ್ತಿ ಕರೆದವರದು ಮತ್ತೊಂದು. ಎರಡೂ ನ್ಯಾಯವೇ. ಎರಡು ನ್ಯಾಯಗಳಲ್ಲಿ ಒಂದನ್ನು ಮುಳುಗಿಸದೆ ಇನ್ನೊಂದು ತೇಲದಂತೆ ಮಾಡುವುದೇ ಯುದ್ಧದ ಘೋರತೆ. ಬರ್ಮಾದ ರಣರಂಗವನ್ನು ಕಾಣುವ ಮೊದಲೇ, ತಮ್ಮದಲ್ಲದ ಜಗಳಕ್ಕಾಗಿ ಹೊರಟ ನೂರಾರು ಆಫ್ರಿಕನ್ ಯುವಕರಿಗೆ ನಮ್ಮ ಈ ಹಿಂದೂ ಮಹಾಸಾಗರವೇ ಸಮಾಧಿಯಾಯಿತು.