ಅಮೆರಿಕದಲ್ಲಿ ಧಾರ್ಮಿಕ ಸ್ವಾತಂತ್ರ್ಯ: ನಡೆದು ಬಂದ ದಾರಿ, ಮುಂದಿರುವ ಪ್ರಶ್ನೆ

ಅಮೆರಿಕ ಸಂವಿಧಾನದ ಮೊದಲನೇ ತಿದ್ದುಪಡಿ ಜಾರಿಗೆ ಬಂದದ್ದು 1791ರಲ್ಲಿ. ಧರ್ಮದ ಕುರಿತು ಅದು ಹೇಳುವುದು ಎರಡೇ ಮಾತು. ಸರಕಾರ ಯಾವುದೇ ಧರ್ಮವನ್ನು ರಾಜಧರ್ಮವಾಗಿ ಸ್ಥಾಪಿಸಕೂಡದು. ಯಾರ ಧರ್ಮಾಚರಣೆಗೂ ಅಡ್ಡಿಪಡಿಸಕೂಡದು. ಧರ್ಮ ಮತ್ತು ಪ್ರಭುತ್ವದ ಬಗೆಗಿನ ಅಲ್ಲಿನ ವಿವಾದಗಳೆಲ್ಲ ಬಹುಪಾಲು ಈ ಎರಡು ಮಾತುಗಳ ನಡುವಿನ ಎಳೆದಾಟವೇ ಆಗಿವೆ.

ಈ ರಕ್ಷಣೆ ಹೆಚ್ಚು ಬೇಕಾದದ್ದು ಅಲ್ಪಸಂಖ್ಯಾತರಿಗೆ. ಅಧ್ಯಕ್ಷ ಥಾಮಸ್ ಜೆಫರ್‌ಸನ್ 1802ರಲ್ಲಿ ಚರ್ಚು ಮತ್ತು ಪ್ರಭುತ್ವದ ನಡುವಿನ ‘ಗೋಡೆ’ಯ ಪ್ರಸ್ತಾಪ ಮಾಡಿದ್ದು ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲಿ. ಅವರ ಕನೆಕ್ಟಿಕಟ್ ರಾಜ್ಯದಲ್ಲಿ ಆಗ ಸರಕಾರಿ ಮಾನ್ಯತೆ ಇದ್ದುದು ಬೇರೊಂದು ಪಂಥದ ಚರ್ಚಿಗೆ. ಮೊದಲನೇ ತಿದ್ದುಪಡಿಯ ಧಾರ್ಮಿಕ ರಕ್ಷಣೆ ರಾಜ್ಯ ಸರಕಾರಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 1940 ಮತ್ತು 1947ರ ತೀರ್ಪುಗಳಲ್ಲಿ. ಸರಕಾರಿ ಶಾಲೆಗಳು ಏರ್ಪಡಿಸುವ ಪ್ರಾರ್ಥನೆ ಸಂವಿಧಾನಬಾಹಿರವೆಂದು ಅದು 1962ರಲ್ಲಿ ಸಾರಿತು.

ದೊಡ್ಡ ತಿರುವು ಬಂದದ್ದು 1990ರಲ್ಲಿ. ಮೂಲನಿವಾಸಿಗಳ ಚರ್ಚಿನ ವಿಧಿಯಲ್ಲಿ ಪೆಯೋಟಿ ಎಂಬ ಮಾದಕ ಕಳ್ಳಿಯನ್ನು ಸೇವಿಸಿದ್ದಕ್ಕೆ ಆರೆಗಾನ್ ರಾಜ್ಯದ ಇಬ್ಬರು ಕೆಲಸ ಕಳೆದುಕೊಂಡರು. ನಿರುದ್ಯೋಗ ಭತ್ಯೆಯೂ ದೊರೆಯಲಿಲ್ಲ. ಎಲ್ಲರಿಗೂ ಸಮನಾಗಿ ಅನ್ವಯಿಸುವ ಕಾನೂನಿನಿಂದ ಧರ್ಮದ ಹೆಸರಿನಲ್ಲಿ ವಿನಾಯಿತಿ ಕೇಳುವ ಹಕ್ಕು ಸಂವಿಧಾನದಲ್ಲಿಲ್ಲ ಎಂದಿತು ಸುಪ್ರೀಂ ಕೋರ್ಟ್. ಇದನ್ನು ಸರಿಪಡಿಸಲೆಂದೇ ಅಮೆರಿಕ ಸಂಸತ್ತು 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಈ ಕಾಯಿದೆ ರಾಜ್ಯಗಳನ್ನು ಕಟ್ಟಿಹಾಕದು ಎಂದು 1997ರಲ್ಲಿ ತೀರ್ಪಾಯಿತು.

ಸಣ್ಣ ಪಂಗಡದ ಸಂಕಟದಿಂದ ಹುಟ್ಟಿದ ಈ ಕಾಯಿದೆಯನ್ನು ಮುಂದೆ ದೊಡ್ಡವರೂ ಬಳಸಿದರು. ಉದ್ಯೋಗಿಗಳ ವಿಮೆಯಲ್ಲಿ ಕೆಲವು ಗರ್ಭನಿರೋಧಕಗಳನ್ನು ಸೇರಿಸಲು ಒಪ್ಪದ ಹಾಬಿ ಲಾಬಿ ಎಂಬ ವ್ಯಾಪಾರಿ ಕಂಪನಿ 2014ರಲ್ಲಿ ಇದೇ ಕಾಯಿದೆಯಡಿ ಗೆದ್ದಿತು. 2022ರಲ್ಲಿ, ಪಂದ್ಯದ ನಂತರ ಮೈದಾನದಲ್ಲಿ ಪ್ರಾರ್ಥಿಸುತ್ತಿದ್ದ ಸರಕಾರಿ ಶಾಲೆಯ ಫುಟ್‌ಬಾಲ್ ತರಬೇತುದಾರನ ಪರ ಸಂವಿಧಾನದ ಆಧಾರದಲ್ಲೇ ತೀರ್ಪು ಬಂತು. 2025ರಲ್ಲಿ ಮೇರಿಲ್ಯಾಂಡಿನ ಮುಸ್ಲಿಂ ಹಾಗೂ ಕ್ರೈಸ್ತ ಪೋಷಕರು, ತಮ್ಮ ನಂಬಿಕೆಗೆ ಒಗ್ಗದ ಪಾಠಗಳಿಂದ ಮಕ್ಕಳನ್ನು ಹೊರಗಿಡುವ ಅವಕಾಶ ಪಡೆದರು.

ಹೀಗೆ ತಕ್ಕಡಿ ಆಚರಣೆಯ ಹಕ್ಕಿನತ್ತ ವಾಲಿದೆ. ಇನ್ನೊಂದೆಡೆ, ತರಗತಿಗಳಲ್ಲಿ ಬೈಬಲಿನ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂದು ಲೂಸಿಯಾನ ರಾಜ್ಯ 2024ರಲ್ಲಿ ಶಾಸನ ಮಾಡಿತು. ಆಚರಿಸುವ ಹಕ್ಕು ಬೇರೆ, ಸರಕಾರದ ಮೂಲಕ ಅನ್ಯರ ಮೇಲೆ ಹೇರುವ ಹಕ್ಕು ಬೇರೆ. ಮುಂದಿನ ದಿನಗಳಲ್ಲಿ ಈ ಗೆರೆ ಅಳಿಯದೆ ಉಳಿದರೆ, ಬಹುಸಂಖ್ಯಾತರಿಗೆ ಸಿಕ್ಕ ವಿನಾಯಿತಿ ಕಳ್ಳಿ ಸೇವಿಸುವ ಸಣ್ಣ ಪಂಗಡಕ್ಕೂ ಸಿಕ್ಕರೆ ಮಾತ್ರ 1791ರ ಆ ಎರಡು ಮಾತುಗಳಿಗೆ ಅರ್ಥವಿರುತ್ತದೆ.