ಸಾಮ್ರಾಜ್ಞಿ ಮಟಿಲ್ಡಾಳ ಉತ್ತರಾಧಿಕಾರದ ಹಕ್ಕು

ಇಂಗ್ಲೆಂಡಿನ ಅರಸನಾದ ಒಂದನೆಯ ಹೆನ್ರಿಯ ಮಗಳು ಮಟಿಲ್ಡಾ (೧೧೦೨–೧೧೬೭) ಸಿಂಹಾಸನವನ್ನೇರಲಾರದೆ ಹೋದುದಕ್ಕೆ ಆಕೆ ಹೆಣ್ಣಾಗಿದ್ದುದೇ ಕಾರಣವೆಂದು ಹೇಳುವುದು ವಾಡಿಕೆ. ಅಂದಿನ ಪ್ರತಿಪಕ್ಷದವರು ಹೂಡಿದ ವಾದಗಳನ್ನು ಪರಿಶೀಲಿಸಿದರೆ ಈ ಮಾತು ಪೂರ್ಣ ಸತ್ಯವಲ್ಲವೆಂದು ತಿಳಿದುಬರುತ್ತದೆ.

೧೧೨೦ರಲ್ಲಿ 'ಶ್ವೇತನೌಕೆ' ಮುಳುಗಿ, ಹೆನ್ರಿಯ ಏಕೈಕ ಔರಸಪುತ್ರ ವಿಲಿಯಂ ಮೃತನಾದನು. ಮಟಿಲ್ಡಾ ಆಗ ಚಕ್ರವರ್ತಿ ಐದನೆಯ ಹೆನ್ರಿಯ ಪತ್ನಿ. ೧೧೨೫ರಲ್ಲಿ ವಿಧವೆಯಾದ ಆಕೆಯನ್ನು ತಂದೆಯು ಜರ್ಮನಿಯಿಂದ ಕರೆಸಿಕೊಂಡು, ೧೧೨೬ರ ಕ್ರಿಸ್ಮಸ್ ಸಭೆಯ ಸಂದರ್ಭದಲ್ಲಿ, ತನಗೆ ಗಂಡುಸಂತಾನವಾಗದಿದ್ದಲ್ಲಿ ಆಕೆಯನ್ನೇ ಒಡತಿಯೆಂದು ಸ್ವೀಕರಿಸುವುದಾಗಿ ಸಾಮಂತರಿಂದಲೂ ಬಿಷಪರಿಂದಲೂ ಪ್ರಮಾಣ ಮಾಡಿಸಿದನು. ಅರಸನ ಸೋದರಳಿಯ ಸ್ಟೀಫನ್ನನೂ ಹಾಗೆ ಪ್ರಮಾಣ ಮಾಡಿದವರಲ್ಲೊಬ್ಬ. ಆದರೆ ೧೧೨೮ರಲ್ಲಿ ಆಕೆಯನ್ನು ನಾರ್ಮನ್ನರ ಹಳೆಯ ವೈರಿಗಳಾದ ಆಂಜೂ ಮನೆತನದ ಜೆಫ್ರಿಗೆ ಕೊಟ್ಟು ವಿವಾಹ ಮಾಡಿದುದು ಅನೇಕರಿಗೆ ಸಮ್ಮತವಾಗಲಿಲ್ಲ. ೧೧೩೫ರ ಡಿಸೆಂಬರ್ ೧ರಂದು ಹೆನ್ರಿ ತೀರಿಕೊಂಡನು. ಅದೇ ತಿಂಗಳ ೨೨ರಂದು ಸ್ಟೀಫನ್ ಕಿರೀಟ ಧರಿಸಿದನು.

೧೧೩೯ರಲ್ಲಿ ಈ ವ್ಯಾಜ್ಯವು ರೋಮಿನಲ್ಲಿ ಪೋಪ್ ಎರಡನೆಯ ಇನ್ನೊಸೆಂಟನ ಮುಂದೆ ಬಂದಿತು. ಸ್ಟೀಫನ್ನನ ಪರ ವಾದಿಸಿದ ಆರ್ನುಲ್ಫನು ಹಿಡಿದ ಆಧಾರಗಳು, ಸಾಲ್ಸ್‌ಬರಿಯ ಜಾನ್ ಹೇಳುವಂತೆ, ಇವು: ಪ್ರಮಾಣವು ಬಲಾತ್ಕಾರದಿಂದ ಮಾಡಿಸಿದುದು, ಅರಸನು ಮರಣಕಾಲದಲ್ಲಿ ಮನಸ್ಸು ಬದಲಿಸಿದನು, ಮಟಿಲ್ಡಾಳ ತಾಯಿ ಸಂನ್ಯಾಸಿನಿಯಾಗಿದ್ದುದರಿಂದ ಆ ವಿವಾಹವೇ ಅಸಿಂಧು, ಮಗಳು ಔರಸಳಲ್ಲ. ಆದರೆ ಆ ತಾಯಿ ಸಂನ್ಯಾಸದೀಕ್ಷೆಯನ್ನು ಪಡೆದಿರಲಿಲ್ಲವೆಂದು ೧೧೦೦ರಲ್ಲಿಯೇ ಆರ್ಚ್‌ಬಿಷಪ್ ಆನ್ಸೆಲ್ಮನು ಕೂಡಿಸಿದ ಸಭೆ ನಿರ್ಣಯಿಸಿತ್ತು. ಪೋಪನು ಕೊನೆಯ ತೀರ್ಪನ್ನೇ ಕೊಡದೆ, ಸ್ಟೀಫನ್ನನಿಗೆ ಹಿಂದೆ ಇತ್ತ ಮನ್ನಣೆಯನ್ನು ಉಳಿಸಿದನು.

ಹೆಣ್ಣೆಂಬ ಆಕ್ಷೇಪವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಆಕೆಯ ಪಕ್ಷದ ಗಿಲ್ಬರ್ಟ್ ಫೋಲಿಯಟ್ ಹೆಣ್ಣುಮಕ್ಕಳ ದಾಯಭಾಗಕ್ಕೆ ಬೈಬಲ್ಲಿನ ಆಧಾರವನ್ನು ಹುಡುಕಬೇಕಾಯಿತು. ೧೧೪೧ರ ಫೆಬ್ರವರಿಯಲ್ಲಿ ಲಿಂಕನ್ ಕದನದಲ್ಲಿ ಸ್ಟೀಫನ್ ಸೆರೆಸಿಕ್ಕ ಮೇಲೆ ಮಟಿಲ್ಡಾಳನ್ನು 'ಆಂಗ್ಲರ ಒಡತಿ' ಎಂದು ಅಂಗೀಕರಿಸಲಾಯಿತು. ಆದರೆ ತೆರಿಗೆಯ ವಿಷಯದಲ್ಲಿ ಆಕೆ ತೋರಿದ ಕಾಠಿಣ್ಯದಿಂದ ಕೆರಳಿದ ಲಂಡನ್ ನಗರವಾಸಿಗಳು ಪಟ್ಟಾಭಿಷೇಕಕ್ಕೆ ಮುನ್ನವೇ, ಜೂನ್ ತಿಂಗಳಲ್ಲಿ, ಆಕೆಯನ್ನು ಹೊರಗಟ್ಟಿದರು. ತಂದೆಯಲ್ಲಿ ದಕ್ಷತೆಯೆನಿಸಿದ ಗುಣವನ್ನು ಮಗಳಲ್ಲಿ ಚರಿತ್ರಕಾರರು ಅಹಂಕಾರವೆಂದು ಬರೆದರು. ೧೧೪೮ರಲ್ಲಿ ಆಕೆ ನಾರ್ಮಂಡಿಗೆ ಮರಳಿದಳು.

೧೧೫೩ರ ಒಪ್ಪಂದದಲ್ಲಿ ಸ್ಟೀಫನ್ ಮಟಿಲ್ಡಾಳ ಮಗ ಹೆನ್ರಿಯನ್ನು ತನ್ನ ಉತ್ತರಾಧಿಕಾರಿಯೆಂದು ಒಪ್ಪಿದನು. ಈ ಹೆನ್ರಿಗೆ ರಾಜವಂಶದ ಸಂಬಂಧ ಬಂದುದು ತಾಯಿಯಿಂದ. ಸ್ಟೀಫನ್ನನಿಗೂ ಅದು ಬಂದುದು ತಾಯಿಯಾದ ಅಡೇಲಾಳಿಂದಲೇ. ಆಕೆ ವಿಜೇತ ವಿಲಿಯಂನ ಮಗಳು. ಆದುದರಿಂದ ಹೆಣ್ಣಿನ ಮೂಲಕ ರಾಜ್ಯದ ಹಕ್ಕು ಹರಿದುಬರುವುದನ್ನು ಎರಡು ಪಕ್ಷಗಳೂ ಒಪ್ಪಿದ್ದವು. ಹೆಣ್ಣು ತಾನೇ ಸಿಂಹಾಸನದ ಮೇಲೆ ಕುಳಿತು ಆಳುವುದನ್ನು ಒಪ್ಪಲು ಆ ಕಾಲವು ಸಿದ್ಧವಿರಲಿಲ್ಲ. ಮಟಿಲ್ಡಾಳ ಸೋಲನ್ನು ಈ ಭೇದದ ಬೆಳಕಿನಲ್ಲಿ ಅರಿಯಬೇಕು.