ಶರ್ಕರಪಿಷ್ಟ, ಇನ್ಸುಲಿನ್ ಮತ್ತು ಹಸಿವು

ಶರ್ಕರಪಿಷ್ಟ, ಇನ್ಸುಲಿನ್ ಮತ್ತು ಹಸಿವು ಇವುಗಳ ಪರಸ್ಪರ ಸಂಬಂಧವು ಪೋಷಣಾ ವಿಜ್ಞಾನ ಹಾಗೂ ಅಂತಃಸ್ರಾವ ಶಾಸ್ತ್ರಗಳ ಒಂದು ಮುಖ್ಯ ಅಧ್ಯಯನ ವಿಷಯವಾಗಿದೆ. ಅನ್ನ, ರೊಟ್ಟಿ, ಮಂಡಕ್ಕಿ, ಗೆಣಸು, ಬೆಲ್ಲ ಮೊದಲಾದವುಗಳಲ್ಲಿರುವ ಶರ್ಕರಪಿಷ್ಟವು (ಕಾರ್ಬೋಹೈಡ್ರೇಟು) ಜೀರ್ಣವಾಗಿ ಬಹುಪಾಲು ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಆಗ ಮೇದೋಜ್ಜೀರಕ ಗ್ರಂಥಿಯು ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸಿ, ಆ ಗ್ಲೂಕೋಸನ್ನು ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ಸೇರಿಸುತ್ತದೆ. ಊಟವಾದ ಎಷ್ಟು ಹೊತ್ತಿಗೆ ಮತ್ತೆ ಹಸಿವಾಗುತ್ತದೆ ಎಂಬುದರ ಮೇಲೆ ಈ ಏರಿಳಿತದ ಪ್ರಭಾವವಿದೆ. ಆದರೆ ಅದೊಂದರಿಂದಲೇ ಹಸಿವನ್ನು ವಿವರಿಸಲಾಗದು ಎಂಬುದು ಇತ್ತೀಚಿನ ಸಂಶೋಧನೆಗಳಿಂದ ಕಂಡುಬಂದಿದೆ.

ಕರ್ನಾಟಕದ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪ್ರದೇಶವು ಈ ವಿಷಯವನ್ನು ಅರಿಯಲು ಅನುಕೂಲವಾದ ಉದಾಹರಣೆ. ಜೋಳ, ನವಣೆ, ಸಜ್ಜೆಗಳನ್ನು ಉಂಡು ಬದುಕಿದ್ದ ಈ ಸೀಮೆಯು ತುಂಗಭದ್ರಾ ನೀರಾವರಿಯ ನಂತರ ಒಂದೆರಡು ತಲೆಮಾರುಗಳಲ್ಲಿಯೇ ಅಕ್ಕಿಯ ಸೀಮೆಯಾಯಿತು.

## ಉಂಡ ಮೇಲೆ ನಡೆಯುವುದೇನು

ಪಿಷ್ಟದ ಜೀರ್ಣಕ್ರಿಯೆಯು ಬಾಯಿಯಲ್ಲಿಯೇ, ಲಾಲಾರಸದ ಅಮೈಲೇಸ್ ಕಿಣ್ವದಿಂದ ಆರಂಭವಾಗುತ್ತದೆ. ಅದರ ಹೆಚ್ಚಿನ ಭಾಗ ನಡೆಯುವುದು ಸಣ್ಣಕರುಳಿನಲ್ಲಿ. ಆರೋಗ್ಯವಂತ ವಯಸ್ಕರ ಇಡೀ ರಕ್ತಪ್ರವಾಹದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗ್ಲೂಕೋಸ್ ಕೇವಲ 4–5 ಗ್ರಾಂ, ಅಂದರೆ ಒಂದು ಚಮಚ ಸಕ್ಕರೆಯಷ್ಟು. ಒಂದು ತಟ್ಟೆ ಅನ್ನದಿಂದ ಅದರ ಹತ್ತಾರು ಪಟ್ಟು ಗ್ಲೂಕೋಸ್ ಎರಡು-ಮೂರು ಗಂಟೆಗಳಲ್ಲಿ ಒಳಬರುತ್ತದೆ. ಇಷ್ಟಾದರೂ ರಕ್ತದ ಮಟ್ಟವು ಮಿತಿಯಲ್ಲಿಯೇ ಉಳಿಯುವುದಕ್ಕೆ ಮುಖ್ಯ ಕಾರಣ ಇನ್ಸುಲಿನ್.

ಮೇದೋಜ್ಜೀರಕದ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳಲ್ಲಿರುವ ಬೀಟಾ ಕೋಶಗಳು ಇನ್ಸುಲಿನ್ ಉತ್ಪಾದಿಸುತ್ತವೆ. 1921–22ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಡ್ ಮತ್ತು ಕಾಲಿಪ್ ಇದನ್ನು ಬೇರ್ಪಡಿಸಿ ಚಿಕಿತ್ಸೆಗೆ ಒದಗಿಸಿದರು. ಇನ್ಸುಲಿನ್ ಯಕೃತ್ತಿಗೆ ಹೊಸ ಗ್ಲೂಕೋಸನ್ನು ಹೊರಬಿಡದಂತೆ ಸೂಚಿಸುತ್ತದೆ, ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಶೇಖರಣೆಗೆ ನೆರವಾಗುತ್ತದೆ, ಕೊಬ್ಬಿನ ಕೋಶಗಳಿಂದ ಕೊಬ್ಬು ಕರಗುವುದನ್ನು ತಡೆಯುತ್ತದೆ. ಕೊನೆಯ ಈ ಕೆಲಸವೇ ಮುಂದೆ ವಿವರಿಸಿರುವ ದೊಡ್ಡ ವಾದಕ್ಕೆ ಮೂಲವಾಗಿದೆ.

ಇನ್ಸುಲಿನ್ ಸ್ರವಿಕೆಗೆ ಪಿಷ್ಟವೊಂದೇ ಕಾರಣವಲ್ಲ. ಬೇಳೆ, ಹಾಲು, ಮಾಂಸಗಳ ಪ್ರೋಟೀನು ಸಹ ಇನ್ಸುಲಿನ್ ಮಟ್ಟವನ್ನು ಏರಿಸುತ್ತದೆ. ಆಹಾರವು ಕರುಳನ್ನು ಮುಟ್ಟಿದೊಡನೆ ಅಲ್ಲಿಂದ ಹೊರಡುವ ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳು ಬೀಟಾ ಕೋಶಗಳಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸುತ್ತವೆ.

## ಹಸಿವು ಮತ್ತು ತೃಪ್ತಿಯ ಸೂಚನೆಗಳು

ಫ್ರೆಂಚ್ ಮೂಲದ ಅಮೆರಿಕನ್ ವಿಜ್ಞಾನಿ ಜೀನ್ ಮೇಯರ್ 1950ರ ದಶಕದಲ್ಲಿ, ಮಿದುಳು ಗ್ಲೂಕೋಸಿನ ಬಳಕೆಯನ್ನು ಗಮನಿಸುತ್ತಿದ್ದು ಅದು ಇಳಿದಾಗ ಹಸಿವು ಹುಟ್ಟುತ್ತದೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ಈ ಸಿದ್ಧಾಂತವು ಪೂರ್ತಿಯಾಗಿ ನಿಲ್ಲಲಿಲ್ಲ, ಪೂರ್ತಿಯಾಗಿ ಬೀಳಲೂ ಇಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಜನರ ಗ್ಲೂಕೋಸ್ ಮಟ್ಟವನ್ನು ಮೈಗೆ ಅಂಟಿಸಿದ ಸಂವೇದಕಗಳಿಂದ ಅಳೆಯಲಾಯಿತು. ಉಪಾಹಾರದ ನಂತರ ಗ್ಲೂಕೋಸ್ ಎಷ್ಟು ಎತ್ತರಕ್ಕೆ ಏರಿತು ಎಂಬುದಕ್ಕಿಂತ, ಎರಡು-ಮೂರು ಗಂಟೆಗಳ ಬಳಿಕ ಅದು ಆರಂಭದ ಮಟ್ಟಕ್ಕಿಂತ ಎಷ್ಟು ಕೆಳಗಿಳಿಯಿತು ಎಂಬುದೇ ಮುಂದಿನ ಹಸಿವನ್ನು ಚೆನ್ನಾಗಿ ಸೂಚಿಸಿತು. ಒಂದೇ ಉಪಾಹಾರವನ್ನು ತಿಂದವರಲ್ಲಿಯೂ ಈ ಇಳಿತವು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬೇರೆಯಾಗಿತ್ತು. ಬೆಳಿಗ್ಗೆ ಎಂಟಕ್ಕೆ ತಿಂದವರಿಗೆ ಹನ್ನೊಂದಕ್ಕೆ ಹೊಟ್ಟೆ ಚುರುಗುಟ್ಟುವುದಕ್ಕೆ ಇದು ಭಾಗಶಃ ವಿವರಣೆಯಾಗಬಲ್ಲದು.

ಇನ್ಸುಲಿನ್ ಹಸಿವನ್ನು ಹೆಚ್ಚಿಸುತ್ತದೆ ಎಂಬ ಜನಪ್ರಿಯ ಹೇಳಿಕೆ ಅರ್ಧ ಸತ್ಯ. ಚುಚ್ಚುಮದ್ದಿನ ಪ್ರಮಾಣ ಹೆಚ್ಚಾಗಿ ರಕ್ತದ ಗ್ಲೂಕೋಸ್ ಕುಸಿದಾಗ ತೀವ್ರ ಹಸಿವಾಗುವುದು ನಿಜ. ಆದರೆ ಮಿದುಳಿನ ಒಳಗೆ ಇನ್ಸುಲಿನ್‌ನ ಪಾತ್ರ ಇದಕ್ಕೆ ವಿರುದ್ಧವಾದುದು. 1979ರಲ್ಲಿ ಅಮೆರಿಕದ ವುಡ್ಸ್, ಪೋರ್ಟೆ ಮತ್ತು ಸಂಗಡಿಗರು ಬಬೂನ್ ಕೋತಿಗಳ ಮಿದುಳಿನ ದ್ರವಕ್ಕೆ ನೇರವಾಗಿ ಇನ್ಸುಲಿನ್ ಹನಿಸಿದಾಗ ಅವು ತಿನ್ನುವುದನ್ನು ಕಡಿಮೆ ಮಾಡಿದವು. ಹೈಪೊಥಲಾಮಸ್‌ನ ನರಕೋಶಗಳು ಇನ್ಸುಲಿನ್ನನ್ನು, ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಹಾರ್ಮೋನನ್ನು (1994ರಲ್ಲಿ ಪತ್ತೆ) ದೇಹದ ದಾಸ್ತಾನಿನ ಲೆಕ್ಕವೆಂದು ಓದಿಕೊಳ್ಳುತ್ತವೆ. ಬೀಟಾ ಕೋಶಗಳು ಇನ್ಸುಲಿನ್ ಜೊತೆಗೇ ಸ್ರವಿಸುವ ಅಮೈಲಿನ್ ಸಹ ಜಠರ ಬರಿದಾಗುವುದನ್ನು ನಿಧಾನಿಸಿ ತೃಪ್ತಿಯನ್ನು ನೀಡುತ್ತದೆ. ಹಸಿವನ್ನು ಎಬ್ಬಿಸುವ ಹಾರ್ಮೋನು ಜಠರದಿಂದ ಬರುವ ಗ್ರೆಲಿನ್; ಇದನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ತಂಡ ಕಂಡುಹಿಡಿಯಿತು. ಇವುಗಳೊಂದಿಗೆ ಜಠರದ ಹಿಗ್ಗುವಿಕೆ, ಅಗಿಯುವ ಅವಧಿ, ನಿದ್ರೆ, ಊಟದ ಹೊತ್ತಿನ ರೂಢಿ ಇವೆಲ್ಲವೂ ಸೇರುತ್ತವೆ.

### ತೃಪ್ತಿ ಸೂಚ್ಯಂಕ

ಆಹಾರದ ಪಿಷ್ಟ ಎಷ್ಟು ಬೇಗ ರಕ್ತಕ್ಕೆ ಸೇರುತ್ತದೆ ಎಂಬುದನ್ನು ಹೇಳುವ ಗ್ಲೈಸೆಮಿಕ್ ಸೂಚ್ಯಂಕವನ್ನು 1981ರಲ್ಲಿ ಟೊರೊಂಟೊದ ಜೆಂಕಿನ್ಸ್ ಮತ್ತು ಸಂಗಡಿಗರು ರೂಪಿಸಿದರು. ಅದೇ ಹಸಿವಿನ ಅಳತೆಗೋಲೂ ಹೌದೆಂದು ಅನೇಕರು ಭಾವಿಸಿದ್ದಾರೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸೂಸನ್ ಹೋಲ್ಟ್ ಮತ್ತು ಸಂಗಡಿಗರು 38 ಆಹಾರಗಳನ್ನು, ಪ್ರತಿಯೊಂದರಲ್ಲೂ ಸುಮಾರು 240 ಕಿಲೊಕ್ಯಾಲರಿ ಇರುವಂತೆ ಬಡಿಸಿ, ಎರಡು ಗಂಟೆಗಳ ಕಾಲ ಹೊಟ್ಟೆ ತುಂಬಿದ ಭಾವವನ್ನು ದಾಖಲಿಸಿದರು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟುಕೊಂಡಾಗ ಬಿಳಿ ಅನ್ನಕ್ಕೆ 138, ಕೆಂಪಕ್ಕಿಯಂತೆ ತವುಡು ಉಳಿಸಿಕೊಂಡ ಅಕ್ಕಿಯ ಅನ್ನಕ್ಕೆ 132, ಬೇಯಿಸಿದ ಆಲೂಗಡ್ಡೆಗೆ 323 ಅಂಕಗಳು ಬಂದವು. ಎಲ್ಲಕ್ಕಿಂತ ಕಡಿಮೆ, ಅಂದರೆ 47 ಅಂಕ ಪಡೆದದ್ದು ಬೆಣ್ಣೆ ತುಂಬಿದ ಕ್ರಾಸಾಂಟ್. ಗ್ಲೂಕೋಸನ್ನು ಬೇಗ ಏರಿಸುವ ಆಲೂಗಡ್ಡೆಯೇ ಮೊದಲ ಸ್ಥಾನದಲ್ಲಿ ನಿಂತಿರುವುದು ಗಮನಾರ್ಹ. ನೀರಿನಂಶ, ತೂಕ, ಪ್ರೋಟೀನು ಮತ್ತು ನಾರು ಹೆಚ್ಚಿದಷ್ಟೂ ತೃಪ್ತಿ ಹೆಚ್ಚುತ್ತದೆ ಎಂಬುದು ಈ ಅಧ್ಯಯನದ ಸಾರ. ಇದರಲ್ಲಿ ಜೋಳದ ರೊಟ್ಟಿಯಾಗಲಿ ಮಂಡಕ್ಕಿಯಾಗಲಿ ಇರಲಿಲ್ಲ.

## ಬಳ್ಳಾರಿ ಸೀಮೆಯ ಆಹಾರ

### ಕ್ಷಾಮಕಾಲದ ಪಡಿ

1876–78ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತ್ಯದ ಅತಿ ಹೆಚ್ಚು ಪೀಡಿತ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಪರಿಹಾರ ಕಾಮಗಾರಿಗಳಲ್ಲಿ ಇಡೀ ದಿನ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು (ಸುಮಾರು 450 ಗ್ರಾಂ) ಧಾನ್ಯ ಮತ್ತು ಸಣ್ಣ ಮೊತ್ತದ ಹಣ ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ನಿಗದಿಪಡಿಸಿದ. ಪ್ರಾಂತ್ಯದ ನೈರ್ಮಲ್ಯ ಆಯುಕ್ತನಾಗಿದ್ದ ವೈದ್ಯ ಡಬ್ಲ್ಯು. ಆರ್. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿ, ಒಂದೂವರೆ ಪೌಂಡು ಧಾನ್ಯದೊಂದಿಗೆ ಬೇಳೆ, ತರಕಾರಿಗಳೂ ಬೇಕೆಂದು ವಾದಿಸಿದ. ಅದೇ ವರ್ಷದ ಮಾರ್ಚಿಯಲ್ಲಿ ಪಡಿಯನ್ನು ಸುಮಾರು 570 ಗ್ರಾಂ ಧಾನ್ಯ ಹಾಗೂ ಬೇಳೆಯ ರೂಪದಲ್ಲಿ 43 ಗ್ರಾಂ ಪ್ರೋಟೀನಿಗೆ ಏರಿಸಲಾಯಿತು.

450 ಗ್ರಾಂ ಧಾನ್ಯದಿಂದ ಸಿಗುವುದು ಸುಮಾರು 1,500–1,600 ಕಿಲೊಕ್ಯಾಲರಿ. ಮಣ್ಣು ಹೊತ್ತು ಕಲ್ಲು ಒಡೆಯುವವರಿಗೆ ಅದು ಸಾಲದು. ಇನ್ಸುಲಿನ್, ಸೂಚ್ಯಂಕಗಳ ಚರ್ಚೆಯು ಹೊಟ್ಟೆಗೆ ಸಾಕಷ್ಟು ಸಿಗುವವರಿಗೆ ಸಂಬಂಧಿಸಿದ್ದು; ಒಟ್ಟು ಶಕ್ತಿಯೇ ಕೊರತೆಯಾದಾಗ ಯಾವ ಧಾನ್ಯವೂ ಹಸಿವನ್ನು ನೀಗದು. ಕಾಲುವೆಯ ಅಕ್ಕಿಯನ್ನು ಈ ಭಾಗದ ಹಿರಿಯರು ಇಂದಿಗೂ ಗೌರವದಿಂದ ಕಾಣುವುದಕ್ಕೆ ಇಂತಹ ಬರಗಾಲಗಳ ಹಿನ್ನೆಲೆಯಿದೆ.

### ಜೋಳದಿಂದ ಅಕ್ಕಿಗೆ

ಸಿರುಗುಪ್ಪ, ದೇಶನೂರು ಮುಂತಾದ ವಿಜಯನಗರ ಕಾಲದ ಕಾಲುವೆಗಳ ಕೆಳಗೆ ಹಿಂದೆಯೂ ಭತ್ತವಿತ್ತು. ಆದರೆ ಸುತ್ತಲಿನ ಎರೆಭೂಮಿಯು ಜೋಳ ಮತ್ತು ಹತ್ತಿಯದಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಬಲದಂಡೆಯ ಕೆಳಮಟ್ಟದ ಮತ್ತು ಮೇಲ್ಮಟ್ಟದ ಕಾಲುವೆಗಳು ಹರಿದ ಮೇಲೆ ಚಿತ್ರ ಬದಲಾಯಿತು. ಕರಾವಳಿ ಆಂಧ್ರದಿಂದ ಬಂದು 'ಕ್ಯಾಂಪು'ಗಳಲ್ಲಿ ನೆಲೆಸಿದ ರೈತರೂ ಭತ್ತದ ಬೇಸಾಯವನ್ನು ವಿಸ್ತರಿಸಿದರು. ಸಿರುಗುಪ್ಪವು ಅಕ್ಕಿ ಗಿರಣಿಗಳ ಊರಾಗಿ 'ಭತ್ತದ ಕಣಜ' ಎಂದು ಹೆಸರಾಯಿತು. 2013ರಲ್ಲಿ ಜಾರಿಗೆ ಬಂದ ಅನ್ನಭಾಗ್ಯ ಯೋಜನೆಯು ಬಡ ಕುಟುಂಬಗಳಲ್ಲಿಯೂ ಅಕ್ಕಿಯನ್ನು ನಿತ್ಯದ ಆಹಾರವಾಗಿಸಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ, 8 ಗ್ರಾಂ ಪ್ರೋಟೀನು ಮತ್ತು 3 ಗ್ರಾಂ ನಾರು ಇದ್ದರೆ, ಜೋಳದಲ್ಲಿ ಇವು ಅನುಕ್ರಮವಾಗಿ 68, 10 ಮತ್ತು 10 ಗ್ರಾಂ. ಎದ್ದುಕಾಣುವ ವ್ಯತ್ಯಾಸ ನಾರಿನದು. ಜೋಳದ ಕಾಫಿರಿನ್ ಎಂಬ ಪ್ರೋಟೀನು ಪಿಷ್ಟದ ಕಣಗಳನ್ನು ಸುತ್ತುವರಿದು ಕಿಣ್ವಗಳ ಕೆಲಸವನ್ನು ನಿಧಾನಿಸುತ್ತದೆ. ಆದರೆ ನುಣ್ಣಗೆ ಬೀಸಿ ಸುಟ್ಟಾಗ ಈ ಅನುಕೂಲದ ಒಂದು ಭಾಗ ಕಳೆದುಹೋಗುವುದರಿಂದ, ರೊಟ್ಟಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ಸರಿಯಲ್ಲ.

ಈ ಸೀಮೆಯಲ್ಲಿ ರೊಟ್ಟಿಯನ್ನು ಯಾರೂ ಬರಿದೆ ತಿನ್ನುವುದಿಲ್ಲ ಎಂಬ ಅಂಶವನ್ನು ಪೋಷಕಾಂಶಗಳ ಕೋಷ್ಟಕಗಳು ಹೇಳುವುದಿಲ್ಲ. ಜೊತೆಗೆ ಪುಂಡಿ ಪಲ್ಯ, ಮಡಿಕೆ ಅಥವಾ ಹೆಸರುಕಾಳಿನ ಪಲ್ಯ, ಶೇಂಗಾ ಇಲ್ಲವೆ ಗುರೆಳ್ಳಿನ ಚಟ್ನಿಪುಡಿ, ಮೊಸರು ಇರುತ್ತವೆ. ಗಟ್ಟಿ ರೊಟ್ಟಿಯನ್ನು ಅಗಿಯಲು ಹೊತ್ತು ಹಿಡಿಯುತ್ತದೆ. ಅನ್ನ ಮತ್ತು ತಿಳಿಸಾರು ಹಾಗಲ್ಲ. ಬೇಗ ಇಳಿಯುತ್ತದೆ, ಮತ್ತೊಮ್ಮೆ ಬಡಿಸಿಕೊಳ್ಳುವುದೂ ಸುಲಭ. ಜೋಳ ಬಿಟ್ಟು ಅಕ್ಕಿಗೆ ಹೊರಳಿದಾಗ ತಟ್ಟೆಯಿಂದ ಕಾಳು, ಸೊಪ್ಪುಗಳೂ ಹಿಂದೆ ಸರಿದವು. ಹಸಿವಿನ ದೃಷ್ಟಿಯಿಂದ ಧಾನ್ಯದ ಬದಲಾವಣೆಗಿಂತ ಇದು ಹೆಚ್ಚಿನ ಪರಿಣಾಮದ್ದೆಂದು ಹೇಳಬಹುದು.

ಅಕ್ಕಿಯ ತಳಿಯೂ ಮುಖ್ಯ. ಅಮೈಲೋಸ್ ಹೆಚ್ಚಿರುವ ತಳಿಗಳು ನಿಧಾನವಾಗಿ ಜೀರ್ಣವಾಗುತ್ತವೆ. ಈ ಭಾಗದಲ್ಲಿ ವ್ಯಾಪಕವಾಗಿರುವ ಬಿಪಿಟಿ 5204 (ಸಾಂಬಾ ಮಸೂರಿ) ತಳಿಗಿಂತ, ಹೈದರಾಬಾದಿನಲ್ಲಿ ಅಭಿವೃದ್ಧಿಪಡಿಸಿದ ಸುಧಾರಿತ ಸಾಂಬಾ ಮಸೂರಿಯ ಗ್ಲೈಸೆಮಿಕ್ ಸೂಚ್ಯಂಕವು ಕಡಿಮೆ (ಸುಮಾರು 51) ಎಂದು ಅದನ್ನು ರೂಪಿಸಿದ ಸಂಸ್ಥೆಗಳು ವರದಿ ಮಾಡಿವೆ. ಬೆಂದ ಅನ್ನ ತಣ್ಣಗಾದಾಗ ಅದರ ಪಿಷ್ಟದ ಸ್ವಲ್ಪ ಭಾಗವು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ರಾತ್ರಿಯ ಅನ್ನಕ್ಕೆ ಮಜ್ಜಿಗೆ ಕಲಸಿ ಬೆಳಿಗ್ಗೆ ಉಣ್ಣುವ ರೂಢಿಗೆ ಇದರಿಂದ ಅಲ್ಪ ಬೆಂಬಲವಿದೆ.

### ಮಂಡಕ್ಕಿ ಒಗ್ಗರಣೆ

ಬಳ್ಳಾರಿ ನಗರದ ಬೆಳಗಿನ ತಿಂಡಿಯಾದ ಒಗ್ಗರಣೆ–ಮಿರ್ಚಿ (ಉಗ್ಗಾಣಿ–ಬಜ್ಜಿ) ಈ ಲೇಖನದ ವಿಷಯಕ್ಕೆ ಒಳ್ಳೆಯ ನಿದರ್ಶನ. ಮಂಡಕ್ಕಿಯು ಕಾದ ಉಸುಕಿನಲ್ಲಿ ಹಿಗ್ಗಿದ ಅಕ್ಕಿ. ಹಿಗ್ಗಿದಾಗ ಪಿಷ್ಟದ ರಚನೆ ಸಡಿಲಗೊಂಡು ಕಿಣ್ವಗಳಿಗೆ ಸುಲಭವಾಗಿ ಒದಗುವುದರಿಂದ ಅದು ಅತಿ ಬೇಗ ಜೀರ್ಣವಾಗುತ್ತದೆ. ತಟ್ಟೆಯಲ್ಲಿ ರಾಶಿಯಾಗಿ ಕಂಡರೂ, ನೀರಿನಲ್ಲಿ ನೆನೆಸಿ ಹಿಂಡಿದೊಡನೆ ಅದರ ಗಾತ್ರ ಕುಗ್ಗುತ್ತದೆ. ಬಜ್ಜಿಯ ಎಣ್ಣೆ ಶಕ್ತಿಯನ್ನು ಸೇರಿಸುತ್ತದೆಯಾದರೂ ಅದೇ ಪ್ರಮಾಣದಲ್ಲಿ ತೃಪ್ತಿಯನ್ನು ಸೇರಿಸುವುದಿಲ್ಲ. ಈ ತಿಂಡಿಯಲ್ಲಿ ಪ್ರೋಟೀನನ್ನು ಒದಗಿಸುವುದು ಮೇಲೆ ಉದುರಿಸುವ ಪುಟಾಣಿ ಪುಡಿ ಮತ್ತು ಶೇಂಗಾ. ಹೋಟೆಲಿನಲ್ಲಿ ಇವು ಎಷ್ಟು ಬೀಳುತ್ತವೆ ಎಂಬುದು ಕೈಗುಣಕ್ಕೆ ಬಿಟ್ಟದ್ದು.

## ಶರ್ಕರಪಿಷ್ಟ–ಇನ್ಸುಲಿನ್ ಮಾದರಿಯ ವಿವಾದ

ಅಮೆರಿಕದ ವೈದ್ಯ ಡೇವಿಡ್ ಲುಡ್ವಿಗ್ ಮತ್ತು ಲೇಖಕ ಗ್ಯಾರಿ ಟಾಬ್ಸ್ ಮೊದಲಾದವರು ಪ್ರತಿಪಾದಿಸುವ ಮಾದರಿಯ ಪ್ರಕಾರ, ಬೇಗ ಜೀರ್ಣವಾಗುವ ಪಿಷ್ಟವು ಇನ್ಸುಲಿನ್ ಮಟ್ಟವನ್ನು ಏರಿಸಿ ಶಕ್ತಿಯನ್ನು ಕೊಬ್ಬಿನ ಕೋಶಗಳಲ್ಲಿ ಕೂಡಿಡುತ್ತದೆ. ಉಳಿದ ದೇಹಕ್ಕೆ ಇಂಧನ ಸಾಲದೆ ಹಸಿವು ಹೆಚ್ಚುತ್ತದೆ. ಅಂದರೆ ಹೆಚ್ಚು ತಿಂದು ದಪ್ಪವಾಗುವುದಕ್ಕಿಂತ, ಕೊಬ್ಬು ಸೇರುವುದರಿಂದ ಹೆಚ್ಚು ತಿನ್ನುವಂತಾಗುತ್ತದೆ ಎಂಬುದು ಇವರ ವಾದ.

ಇದಕ್ಕೆ ಎದುರಾದ ಪ್ರಯೋಗಗಳಲ್ಲಿ ಮುಖ್ಯವಾದುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ 2021ರಲ್ಲಿ ಪ್ರಕಟಿಸಿದ್ದು. ಸಂಶೋಧನಾ ಆಸ್ಪತ್ರೆಯಲ್ಲಿಯೇ ತಂಗಿದ್ದ 20 ಜನರಿಗೆ ಎರಡು ವಾರ ಪಿಷ್ಟ ಹೆಚ್ಚಿರುವ ಸಸ್ಯಾಹಾರ, ಎರಡು ವಾರ ಪಿಷ್ಟ ಅತಿ ಕಡಿಮೆಯಿರುವ ಮಾಂಸಪ್ರಧಾನ ಆಹಾರವನ್ನು ಬೇಕಾದಷ್ಟು ತಿನ್ನಲು ನೀಡಲಾಯಿತು. ಪಿಷ್ಟಾಹಾರದ ಅವಧಿಯಲ್ಲಿ ಇನ್ಸುಲಿನ್ ಮಟ್ಟ ಹೆಚ್ಚಿತ್ತು. ಆದರೂ ಅವರು ದಿನಕ್ಕೆ ಸುಮಾರು 690 ಕಿಲೊಕ್ಯಾಲರಿ ಕಡಿಮೆ ತಿಂದರು. ದೇಹವು ಕಡಿಮೆ ಪಿಷ್ಟಕ್ಕೆ ಹೊಂದಿಕೊಳ್ಳಲು ಎರಡು ವಾರ ಸಾಲದು ಎಂಬುದು ಲುಡ್ವಿಗ್ ಪಕ್ಷದ ಆಕ್ಷೇಪ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗವು 609 ಜನರನ್ನು ಒಂದು ವರ್ಷ ಹಿಂಬಾಲಿಸಿದರೂ, ಕಡಿಮೆ ಕೊಬ್ಬಿನ ಮತ್ತು ಕಡಿಮೆ ಪಿಷ್ಟದ ಆಹಾರಗಳ ನಡುವೆ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸವನ್ನು ಕಾಣಲಿಲ್ಲ. ಇನ್ನು, ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುವ ಜಿಎಲ್‌ಪಿ-1 ಮಾದರಿಯ ಔಷಧಿಗಳು (ಸೆಮಾಗ್ಲುಟೈಡ್ ಮುಂತಾದವು) ಹಸಿವನ್ನು ತಗ್ಗಿಸುತ್ತಿರುವುದೂ ಮೂಲ ಮಾದರಿಯೊಂದಿಗೆ ಸುಲಭವಾಗಿ ಹೊಂದುವುದಿಲ್ಲ.

## ಮಧುಮೇಹಿಗಳಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ (2023) ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಅದೇ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ಏಕದಳ ಹಾಗೂ ಸಿರಿಧಾನ್ಯಗಳಿಂದ ಬರುವ ಶಕ್ತಿ ಶೇಕಡ 45ನ್ನು ಮೀರಬಾರದೆಂದು ಸೂಚಿಸುತ್ತದೆ.

ನಿಯಂತ್ರಣ ತಪ್ಪಿದ ಮಧುಮೇಹದಲ್ಲಿ ರಕ್ತದಲ್ಲಿ ಗ್ಲೂಕೋಸ್ ತುಂಬಿದ್ದರೂ ಅದು ಕೋಶಗಳಿಗೆ ದಕ್ಕದೆ ಮೂತ್ರದಲ್ಲಿ ಹರಿದುಹೋಗುತ್ತದೆ. ಆದ್ದರಿಂದ ಎಷ್ಟು ತಿಂದರೂ ಹಸಿವು, ಜೊತೆಗೆ ತೂಕ ಇಳಿಕೆ ಕಾಣಿಸಿಕೊಳ್ಳುತ್ತವೆ. ಊಟದಲ್ಲಿ ಪಲ್ಯ, ಕಾಳುಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದರೆ ಗ್ಲೂಕೋಸ್ ಏರಿಕೆ ತಗ್ಗುವುದನ್ನು ಸಣ್ಣ ಪ್ರಮಾಣದ ಅಧ್ಯಯನಗಳು ತೋರಿಸಿವೆ.

ಇನ್ಸುಲಿನ್ ಚುಚ್ಚುಮದ್ದು ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ಪಡೆಯುವವರು ಅನ್ನ, ರೊಟ್ಟಿಗಳನ್ನು ಒಮ್ಮೆಲೇ ಬಿಡುವುದು ಅಪಾಯಕಾರಿ. ಬೆಳಗಿನ ಔಷಧಿ ತೆಗೆದುಕೊಂಡು ನಾಟಿಗೋ ಕೊಯ್ಲಿಗೋ ಗದ್ದೆಗಿಳಿದು ಊಟ ತಡವಾದರೆ ಗ್ಲೂಕೋಸ್ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ಉಂಟಾಗುವ ತಟ್ಟನೆಯ ಹಸಿವು, ಬೆವರು, ಕೈನಡುಕ, ಮಂಕುತನಗಳನ್ನು ಬಿಸಿಲಿನ ಆಯಾಸವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಎಚ್ಚರವಿರುವವರಿಗೆ ಸುಮಾರು 15 ಗ್ರಾಂ (ಮೂರು ಚಮಚ) ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಿ, ಸರಿಹೋಗದಿದ್ದರೆ ಪುನಃ ಅಷ್ಟೇ ಕೊಡುವುದು ವೈದ್ಯಕೀಯ ರೂಢಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.